ಮಾವ ಬಳಿದ ನೆಲ

ಮಾವ ವೃತ್ತಿಯಲ್ಲಿ ಪೇಂಟರ್. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ ಮನೆಯ ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಎಂಬ ಹೊಳಪಿನ ಬಣ್ಣ ಬಳಿದರು. ಬಳಿದು ಮುಗಿಯುವಷ್ಟರಲ್ಲಿ ನೆಲ ಬೂದುಬಣ್ಣದ ಕನ್ನಡಿಯಾಗಿತ್ತು, ಮಾವ ಅದರ ಕಾವಲುಗಾರರಾಗಿದ್ದರು. ಒರೆಸಲೂ ಅವರದೇ ಕಟ್ಟಳೆ: ಮೊದಲು ಷಟರು ತೆರೆಯಬೇಕು, ಚಪ್ಪಲಿ ಹೊರಗೇ ಬಿಡಬೇಕು. ಮೆತ್ತನೆಯ ಪೊರಕೆ, ಬಕೆಟ್ ನೀರಿಗೆ ನಾಲ್ಕು ಹನಿ ಸೋಪು, ಒಳಗೋಡೆಯಿಂದ ಒರೆಸುತ್ತ ಹಿಂದೆ ಹಿಂದೆ ಬರಬೇಕು. ಆಸಿಡ್ ತೋರಿಸಲೂ ಕೂಡದು. ಸೊಸೆಗೆ ಇದೆಲ್ಲ ಬಾಯಿಪಾಠ. ಹೆತ್ತ ಮಗುವನ್ನೂ ಇಷ್ಟು ನಾಜೂಕಾಗಿ ಮೀಯಿಸಿದವಳಲ್ಲ ಅವಳು.

ಮಾವ ತೀರಿಕೊಂಡದ್ದೂ ಅದೇ ನೆಲದ ಮೇಲೆ, ಒರೆಸುವ ಕೋಲು ಕೈಯಲ್ಲಿರುವಾಗಲೇ. ತಿಂಗಳೊಪ್ಪತ್ತಿನಲ್ಲಿ, ಅವರು ಕುಸಿದ ಜಾಗದಲ್ಲಿ ಒಂದು ಹಳದಿ ಕಲೆ ಎದ್ದಿತು. ಒರೆಸಿದರೆ ಹೋಗುತ್ತಿತ್ತು, ನೆಲ ಆರಿದೊಡನೆ, ಸಣ್ಣ ಕೆಲಸಕ್ಕೆ ಹೊರಗೆ ಹೋಗಿದ್ದವರ ಹಾಗೆ, ಬಂದು ಅಲ್ಲೇ ಕೂರುತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ನಾದಿನಿ ಬರುವವಳಿದ್ದಳು. ಅಪ್ಪನ ನೆಲವನ್ನು ಅತ್ತಿಗೆ ಒಂದು ವರ್ಷ ಉಳಿಸಿಕೊಂಡರೆ ನನ್ನ ಹೆಸರೇ ಬದಲಾಯಿಸಿಕೊಳ್ಳುತ್ತೇನೆ ಎಂದು ನೆಂಟರೆದುರು ನಗುನಗುತ್ತ ಹೇಳಿ ಹೋಗಿದ್ದವಳು. ಆ ಬಾಯಿಗೆ ಈ ಕಲೆ ಸಿಗಬಾರದು. ಸೊಸೆಗೆ ಬೇಕಿದ್ದದ್ದು ಅಷ್ಟೇ.

ಮೂರು ಗಂಟೆಗೆ ಬ್ಲೀಚಿಂಗ್ ನೀರು ಸುರಿದಳು. ಕಲೆ ಜಗ್ಗಲಿಲ್ಲ. ಕೊನೆಗೆ ಬಚ್ಚಲಿನ ಆಸಿಡ್ ಬಾಟಲಿಯನ್ನೇ ತಂದಳು. ಯಾರಾದರೂ ಕಂಡು ನಾದಿನಿಯ ಕಿವಿಗೆ ಹಾಕಿಯಾರೆಂದು ಷಟರನ್ನು ಕೆಳಗೆಳೆದಳು. ತುಕ್ಕು ಹಿಡಿದ ಷಟರು; ಇಳಿಸಲು ಒಬ್ಬರು ಸಾಕು, ಎತ್ತಲು ಗಂಡನೂ ಬೇಕು. ಗಂಡ ಕೆಲಸಕ್ಕೆ ಹೋಗಿದ್ದ. ಬೇರೆ ಬಾಗಿಲಿರಲಿಲ್ಲ. ನಾಚಿಕೆಗೆ ಅಷ್ಟೆಲ್ಲ ಮುಂದಾಲೋಚನೆ ಇರುವುದಿಲ್ಲ.

ಬ್ಲೀಚಿನ ಮೇಲೆ ಆಸಿಡ್ ಬಿದ್ದದ್ದೇ ತಡ, ಗಾಳಿಗೆ ಹಲ್ಲು ಬಂತು. ಗಂಟಲು ಕಟ್ಟಿತು, ಕಣ್ಣು ಉರಿದು ಮುಚ್ಚಿಕೊಂಡಿತು. ತಡಕಾಡುವಾಗ ಬಕೆಟ್ ಉರುಳಿ ನೆಲವೆಲ್ಲ ನೀರಾಯಿತು. ಷಟರಿಗೆ ಕೈಯಿಟ್ಟು ಎತ್ತಿದಳು, ಗೇಣೂ ಕದಲಲಿಲ್ಲ. ಅಲ್ಲೇ ಕುಸಿದು ಕೂತಳು. ಆಗ ಪಕ್ಕದಲ್ಲಿ ಯಾರೋ, ಮುದುಕರು ಭಾರ ಎತ್ತುವ ಮುಂಚೆ ಕೆಮ್ಮುವ ಹಾಗೆ, ಸಣ್ಣಗೆ ಕೆಮ್ಮಿದರು. ಷಟರು ಸದ್ದಿಲ್ಲದೆ ಮೇಲೆದ್ದಿತು.

ನಾದಿನಿ ಬಂದಾಗ ಸೊಸೆ ರಸ್ತೆಯಂಚಿನಲ್ಲಿ ಕೂತು ಉಸಿರು ಹೆಕ್ಕಿಕೊಳ್ಳುತ್ತಿದ್ದಳು. ನಾದಿನಿ ಕರವಸ್ತ್ರದಿಂದ ಮೂಗು ಮುಚ್ಚಿ ಹೊರಗಿನಿಂದಲೇ ಇಣುಕಿದಳು. ಆಸಿಡ್ ತಿಂದ ನೆಲ ಮಂಕಾಗಿತ್ತು. ಷಟರು ಮುಚ್ಚಿತ್ತು ಎಂದು ಸೊಸೆ ಹೇಳಿದಾಗ, ಇಷ್ಟು ಭಾರದ ಷಟರನ್ನು ಒಬ್ಬರೇ ಹೇಗೆ ಎತ್ತಿದಿರಿ ಎಂದು ಕೇಳಿದಳು. ಎತ್ತಿದ್ದು ತಾನಲ್ಲ ಎಂದಳು ಸೊಸೆ.

ಹೊಸ್ತಿಲ ಒಳಗೆ, ಒದ್ದೆ ನೆಲದ ನಡುವೆ, ಎರಡು ಅಗಲವಾದ ಪಾದಗಳಷ್ಟು ಜಾಗ ಮಾತ್ರ ಒಣಗಿತ್ತು, ಬೆರಳುಗಳು ಹೊರಮುಖವಾಗಿ. ನಾದಿನಿ ಬಗ್ಗಿ ನೋಡಿದಳು.

“ಈಗಲೂ ಚಪ್ಪಲಿ ಬಿಟ್ಟೇ ಬಂದಿದಾರೆ ನೋಡಿ ಅತ್ತಿಗೆ,” ಎಂದಳು, “ನಮ್ಮಪ್ಪ.”