ಆರನೆಯ ಅಧಿಕಾರ

೧೯೯೪ರ ಮಾರ್ಚ್ ಏಳರಂದು ಘಾನಾದ ಆ ಕಡಲೂರಿನ ನಿಲ್ದಾಣದಲ್ಲಿ ನಲವತ್ತಮೂರು ಬಾಡಿಗೆ ವ್ಯಾನುಗಳಿದ್ದವು. ಎರಡರ ಬೆನ್ನು ಬೋಳು. ಉಳಿದ ನಲವತ್ತೊಂದರ ಬೆನ್ನಿಗೆ ಒಂದೊಂದು ಮಾತು: ‘ಹೊಟ್ಟೆಕಿಚ್ಚಿಗೆ ಬ್ರೇಕಿಲ್ಲ’, ‘ಅತ್ತೆ ಒಳಗಿದ್ದಾಳೆ, ನಿಧಾನ’. ಅಷ್ಟೂ ಕ್ವಾಮೆನಾ ಎಶುನನ ಕುಂಚದವು. ಬೋಳು ವ್ಯಾನನ್ನು ಹತ್ತಲು ಜನ ಹಿಂದೆಮುಂದೆ ನೋಡುತ್ತಿದ್ದರು.

ಅಂದು ವಾಹನ ಕಚೇರಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಅಮಿಸಾ ಆಜ್ಞೆ ಹೊರಡಿಸಿದರು. ತಿಂಗಳೊಳಗೆ ಬರಹಗಳನ್ನು ಅಳಿಸದಿದ್ದರೆ ವ್ಯಾನು ಓಡಿಸುವ ಪರವಾನಗಿ ಇಲ್ಲ. ಹಿಂದಿನಿಂದ ಬರುವವರು ಓದುತ್ತ ಮೈಮರೆಯುತ್ತಾರೆ ಎಂಬುದು ಕಾರಣ.

ಕ್ವಾಮೆನಾನಿಗೆ ಐವತ್ತೆಂಟು, ಬೇರೆ ಕಸುಬು ತಿಳಿಯದು. ಚಾಲಕರು ಹಲ್ಲು ಕಡಿದರೇ ಹೊರತು ದಾವೆಗೆ ಒಬ್ಬರೂ ಮುಂದಾಗಲಿಲ್ಲ. ಪರವಾನಗಿ ಕೊಡುವ ಕೈ ಅಮಿಸಾರದೇ ತಾನೆ. ಕ್ವಾಮೆನಾ ಒಬ್ಬನೇ ವಕೀಲೆ ಅರಬಾ ಕ್ವಾನ್ಸಾಳ ಬಾಗಿಲಿಗೆ ಹೋದ. ಆಕೆ ವ್ಯಾನು ಚಾಲಕನ ಮಗಳು.

“ದುಡ್ಡು ಬೇಡ, ಎಶುನ್ ಮಾಮ. ಗೆದ್ರೆ ನನ್ನ ಹಳೇ ಕಾರಿಗೊಂದು ಮಾತು ಬರ್ಕೊಡಿ.”

“ಸೋತ್ರೆ?”

“ಸೋತ್ರೆ ಬರೆಯೋ ಹಾಗೇ ಇರಲ್ವಲ್ಲ.”

ನ್ಯಾಯಾಲಯದಲ್ಲಿ ಅಮಿಸಾ ಅರ್ಧ ಗಂಟೆ ಅಪಘಾತಗಳ ಮಾತಾಡಿದರು. ನ್ಯಾಯಾಧೀಶರು ಪೂರ್ತಿ ಕೇಳಿಸಿಕೊಂಡು, ವಾಹನದಲ್ಲಿ ಏನೇನು ಪರೀಕ್ಷಿಸಬೇಕೆಂದು ಕಾನೂನು ಹೇಳಿದೆಯೋ ಅದನ್ನು ಎಣಿಸಿ ಎಂದರು. ಬ್ರೇಕು, ದೀಪ, ಚಕ್ರ, ಸ್ಟಿಯರಿಂಗು, ಹಾರನ್ನು. ಐದು ಬೆರಳು ಮುಗಿದವು.

“ಆರನೇದು?”

“ಜನರ ಹಿತ, ಸ್ವಾಮಿ.”

“ಅದು ನಿಮ್ಮ ಉದ್ದೇಶ. ನಾನು ಕೇಳಿದ್ದು ಅಧಿಕಾರ.”

ಆಮೇಲೆ ನ್ಯಾಯಾಧೀಶರು ಆಜ್ಞೆಗೆ ಲಗತ್ತಿಸಿದ್ದ ತಪ್ಪಿತಸ್ಥ ವಾಹನಗಳ ಪಟ್ಟಿ ಬಿಡಿಸಿದರು. ‘ಅತ್ತೆ ಒಳಗಿದ್ದಾಳೆ’, ‘ಹೊಟ್ಟೆಕಿಚ್ಚು’ ಎಂದು ಎಲ್ಲವೂ ಬೆನ್ನಿನ ಬರಹದಿಂದಲೇ ದಾಖಲಾಗಿದ್ದವು. ನಂಬರುಗಳೇಕಿಲ್ಲವೆಂದು ವಿಚಾರಿಸಿದರು.

ಅಮಿಸಾ ತಲೆ ತಗ್ಗಿಸಿದರು. “ನಂಬರ್ ಹೇಳಿದ್ರೆ ನಿಲ್ದಾಣದಲ್ಲಿ ಯಾರಿಗೂ ಗೊತ್ತಾಗಲ್ಲ, ಸ್ವಾಮಿ.”

ಗೋಡೆಗೊರಗಿದ್ದ ಚಾಲಕರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಬರಹ ಒಳ್ಳೆಯದೋ ಕೆಟ್ಟದ್ದೋ ತಾನು ಹೇಳುವುದಿಲ್ಲ, ಆದರೆ ಕಾನೂನು ಕೊಡದ ಅಧಿಕಾರವನ್ನು ಕಚೇರಿ ತಾನೇ ಮಾಡಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಆಜ್ಞೆಯನ್ನು ರದ್ದುಪಡಿಸಿತು.

ವಾರದೊಳಗೆ ಎರಡು ಬೋಳು ವ್ಯಾನುಗಳೂ ಕ್ವಾಮೆನಾನ ಮುಂದೆ ಬಂದು ನಿಂತವು. ಮೊತ್ತ ನಲವತ್ತಮೂರು. ಅವನು ಅಂದೇ ಬಣ್ಣದ ಡಬ್ಬಿ ಹಿಡಿದು ವಕೀಲೆಯ ಅಂಗಳಕ್ಕೆ ನಡೆದ. ಏನು ಬರೆಯಲಿ ಎಂದರೆ ಯೋಚಿಸುತ್ತೇನೆ ಎಂದಳು. ಆರು ವರ್ಷಗಳಾದವು, ಆಕೆ ಕಾರನ್ನೂ ಬದಲಿಸಿದಳು. ಒಂದು ಮಾತು ಇಂದಿಗೂ ಬಾಕಿ.