ಮೊದಲ ಬಿಂದಿಗೆ

ಮುಂದೆ ಹೋಗುತ್ತಿರುವ ಟಿಪ್ಪರಿನ ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಜಲ್ಲಿ ಇಳಿಸಿ ಖಾಲಿ ಮರಳುತ್ತಿದ್ದರೂ ಮೂಲೆಯಿಂದ ಸಣ್ಣಗೆ ಸೋರುವ ಕಲ್ಲುಪುಡಿ ನಮ್ಮ ಕಾರಿನ ಗಾಜಿಗೆ ಬಂದು ಬಡಿಯುತ್ತಿದೆ, ನನ್ನದೇ ಟಿಪ್ಪರು, ಹಿಂದುಗಡೆ ನನ್ನದೇ ಹೆಸರು, ಜ್ಯೋತಿಲಕ್ಷ್ಮಿ ಸ್ಟೋನ್ ಕ್ರಷರ್ಸ್, ಹಳದಿ ಅಕ್ಷರ, ಸುತ್ತ ಮಲ್ಲಿಗೆ ಬಳ್ಳಿ ಬರೆಸಿದ್ದೂ ನಾನೇ — ಓವರ್‌ಟೇಕ್ ಮಾಡ್ಲಾ ಮೇಡಂ, ಲೇಟಾಯ್ತದೆ, ಅನ್ನುತ್ತಾನೆ ಡ್ರೈವರ್ ಮುತ್ತುರಾಜು, ಇರಲಪ್ಪ, ಹಿಂದೆಯೇ ಹೋಗು, ಊರು ಕಾಯುತ್ತದೆ, ಮಳೆ ಬೇಡುವ ಮಣ್ಣಿನ ಗೊಂಬೆಯ ಮೇಲೆ ಮೊದಲ ಬಿಂದಿಗೆ ನೀರು ಬೀಳುವ ತನಕ ಮಳೆರಾಯನ ಮೆರವಣಿಗೆ ಒಂದು ಹೆಜ್ಜೆ ಮುಂದಕ್ಕೆ ಹೋಗುವ ಹಾಗಿಲ್ಲ, ಆ ಬಿಂದಿಗೆ ಇರುವುದು ನಮ್ಮ ಮನೆಯ ಕೈಯಲ್ಲಿ, ಅಲ್ಲಿಯವರೆಗೆ ನನ್ನ ಹೆಸರು ಓದಿಕೊಂಡು ಹೋಗುವುದಕ್ಕೆ ನನಗೇನೂ ಬೇಜಾರಿಲ್ಲ. ಕೊರಟಗೆರೆ ದಾಟಿತು, ಮಧುಗಿರಿಯ ಬೆಟ್ಟ ಕಾಣುತ್ತಿದೆ, ಒಂದೇ ಕಲ್ಲು, ಮೇಲೆ ಕೋಟೆ ಇದೆಯೆಂದು ಬಚಾವಾಗಿದೆ, ಇಲ್ಲದಿದ್ದರೆ ಎಷ್ಟು ರಸ್ತೆಯಾಗುತ್ತಿತ್ತು ಅಂತ ನೋಡಿದಾಗಲೆಲ್ಲ ಕೈ ತುರಿಸುತ್ತದೆ. ಶಿರಾದ ಕಲ್ಯಾಣಮಂಟಪಗಳು, ಕಳ್ಳಂಬೆಳ್ಳದ ಶಾಲೆಯ ಕಾಂಪೌಂಡು, ಬರಗೂರಿನ ಬಸ್‌ಸ್ಟ್ಯಾಂಡು, ಎಲ್ಲದರ ಹೊಟ್ಟೆಯಲ್ಲೂ ನನ್ನ ಜಲ್ಲಿ, ಪಾವಗಡದಲ್ಲಿ ಬಿಸಿಲಿಗೆ ಮುಖ ಕೊಟ್ಟು ಮಲಗಿರುವ ಸೋಲಾರ್ ಪ್ಲೇಟುಗಳಿವೆಯಲ್ಲ, ಅವುಗಳ ಕಾಲಿಗೆ ಹಾಕಿದ ಕಾಂಕ್ರೀಟಿಗೂ ನನ್ನ ಜಲ್ಲಿ ಹೋಗಿದೆ, ಹಸಿರು ಹಸಿರು ಅಂತ ಬಾಯಿ ಬಡಿದುಕೊಳ್ಳುವವರ ಕರೆಂಟೂ ನಿಂತಿರುವುದು ನಾನು ಒಡೆಸಿದ ಕಲ್ಲಿನ ಮೇಲೆ, ಇದನ್ನು ಇವತ್ತು ಜಿಲ್ಲಾ ಕಚೇರಿಯ ಮೀಟಿಂಗಿನಲ್ಲಿ ಹೇಳಬೇಕಿತ್ತು, ಹೇಳಲಿಲ್ಲ, ಗೆದ್ದ ಮೇಲೆ ಹೆಚ್ಚು ಮಾತಾಡಬಾರದು.

ಆ ಹುಡುಗಿ ಪಾಪ, ಲೋಹಿತಾ, ಜಿಲ್ಲೆಗೆ ಹೊಸದಾಗಿ ಬಂದಿರುವ ಪರಿಸರ ಅಧಿಕಾರಿ, ಜಿಲ್ಲೆಯ ಹವಾಮಾನ ಪ್ಲಾನು ಮುಂದಿಟ್ಟು ಗೋಡೆಯ ಮೇಲೆ ನಕ್ಷೆ ತೋರಿಸಿದಳು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಕ್ವಾರಿ ಇರುವ ಕಡೆಯೆಲ್ಲ ಕೆಂಪು ಚುಕ್ಕಿ, ನಮ್ಮ ಕರಿಗುಂಡು ಬೆಟ್ಟದ ಮೇಲೂ ಎರಡು ಚುಕ್ಕಿ, ಅಕ್ಕಪಕ್ಕ, ಗುಲಗಂಜಿ ಇಟ್ಟ ಹಾಗೆ — ಮಳೆರಾಯನ ಕಣ್ಣು ಅಂದುಕೊಂಡೆ, ನಗು ಬಂತು, ಇವತ್ತೇ ಊರಲ್ಲಿ ಮಳೆರಾಯ, ಇವತ್ತೇ ಇದು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಮೇಡಂ, ಮಳೆ ಬಂದರೆ ಒಂದೇ ಸಲ ಸುರಿದು ಹರಿದು ಹೋಗುತ್ತೆ, ಬಾರದಿದ್ದರೆ ಇಲ್ಲವೇ ಇಲ್ಲ, ಬೆಟ್ಟ ಮತ್ತು ಬೆಟ್ಟದ ಬುಡದ ಕುರುಚಲು ಕಾಡು ಉಳಿದರೆ ಮಾತ್ರ ಬಿದ್ದ ನೀರು ನೆಲಕ್ಕಿಳಿಯುತ್ತೆ, ಹೊಸ ಕ್ವಾರಿಗೆ ಅನುಮತಿ ಬೇಡ, ಊರ ಪಕ್ಕದವನ್ನು ಈ ವರ್ಷವೇ ನಿಲ್ಲಿಸಬೇಕು, ಅಂದಳು, ದನಿ ನಡುಗುತ್ತಿತ್ತು, ಆದರೂ ಅಂದಳು, ಆ ಧೈರ್ಯ ನನಗೆ ಹಿಡಿಸಿತು. ಶಿರಾ ಕಡೆಯ ಲೀಡರೊಬ್ಬ ಮೇಜು ಕುಟ್ಟಿ, ಇದೆಲ್ಲ ಫಾರಿನ್ನಿನವರ ಕಿತಾಪತಿ, ನಮಗೆ ಬೇಡವೇ ಬೇಡ ಅಂತ ಕೂಗಿದ, ದಡ್ಡ, ಬೇಡ ಅಂದರೆ ಎದುರಿಗಿರುವವರು ಹಟಕ್ಕೆ ಬೀಳುತ್ತಾರೆ, ಬೇಡ ಅನ್ನುವ ಮಾತು ನನ್ನ ಬಾಯಿಂದ ಯಾವತ್ತೂ ಬಂದಿಲ್ಲ, ಆಗಲಿ ಅನ್ನಬೇಕು, ಇನ್ನೂ ಚೆನ್ನಾಗಿ ಆಗಲಿ ಅನ್ನಬೇಕು — ಬಹಳ ಚೆನ್ನಾಗಿ ಮಾಡಿದ್ದೀಯಮ್ಮ ಅಂದೆ, ಎದ್ದು ಹೋಗಿ ಬೆನ್ನು ತಟ್ಟಿದೆ, ಇದು ನಮ್ಮ ಮೊಮ್ಮಕ್ಕಳ ಪ್ರಶ್ನೆ, ಅವಸರ ಮಾಡಿ ಕೆಡಿಸಬಾರದು, ಒಂದು ಉಪಸಮಿತಿ ಮಾಡೋಣ, ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಕೇಳೋಣ, ಮಳೆಗಾಲ ಮುಗಿಯಲಿ, ಆಮೇಲೆ ಕೂರೋಣ, ಅಧ್ಯಕ್ಷತೆ ಬೇಕಾದರೆ ನಾನೇ ಹೊರುತ್ತೇನೆ, ಎಲ್ಲರೂ ಚಪ್ಪಾಳೆ ಹೊಡೆದರು, ಪಾಪ, ಅವಳೂ ಹೊಡೆದಳು, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುವುದು ಇದಕ್ಕೇ. ಕ್ರಷರಿನ ದೂಳಿಗೆ ನಿಯಮ ಬಂದಾಗಲೂ ಹೀಗೇ ಮಾಡಿದ್ದೆ, ಕೆರೆಗೆ ಬರುವ ಹಳ್ಳದ ಒತ್ತುವರಿ ಬಿಡಿಸಬೇಕು ಅಂತ ಬಂದಾಗಲೂ ಹೀಗೇ, ನಾನು ಮುಂದಕ್ಕೆ ಹಾಕಿದ್ದು ಮುಂದೆಯೇ ಇರುತ್ತದೆ, ಇವತ್ತಿನವರೆಗೆ ಒಂದೂ ಹಿಂದಕ್ಕೆ ಬಂದಿಲ್ಲ. ಗಂಡ ಹೋದಾಗ, ಹೆಣ್ಣೆಂಗಸಿಗೆ ಯಾಕಮ್ಮ ಕಲ್ಲಿನ ಸಾವಾಸ, ಮಾರಿಬುಡು, ಅಂದ ಗಂಡಸರೇ ಈಗ ಸರ್ಕಾರಿ ನಿಗಮದ ಅಧ್ಯಕ್ಷೆಯಾದ ನನ್ನ ಕಾರಿನ ಬಾಗಿಲು ತೆಗೆಯುತ್ತಾರೆ, ಹೆಮ್ಮೆ ಪಡದೆ ಇನ್ನೇನು ಪಡಲಿ.

ಏಸಿ ಸ್ವಲ್ಪ ಜಾಸ್ತಿ ಮಾಡು ಮುತ್ತುರಾಜು, ಸೆಕೆ. ಮಳೆರಾಯನನ್ನು ನಾನು ಮೊದಲು ನೋಡಿದ್ದು ಕರಿಗುಂಡನಹಳ್ಳಿಗೆ ಸೊಸೆಯಾಗಿ ಬಂದ ವರ್ಷ, ಶಿರಾ ಪೇಟೆಯಲ್ಲಿ ನಮ್ಮಪ್ಪನ ಮನೆಯಲ್ಲಿ ಇಂಥದ್ದೆಲ್ಲ ಕಂಡವಳಲ್ಲ — ಕೆರೆಯ ಜೇಡಿಮಣ್ಣಿನ ಗೊಂಬೆ, ಕಣ್ಣಿಗೆ ಎರಡು ಗುಲಗಂಜಿ, ಅದನ್ನು ಮಣೆಯ ಮೇಲೆ ಕೂರಿಸಿ, ಮಣೆಯನ್ನು ತಲೆಯ ಮೇಲೆ ಹೊತ್ತು, ಬರಿಮೈಯಲ್ಲಿ ನಮ್ಮ ಬಾವಿಯ ಪಕ್ಕ ನಿಂತಿದ್ದ ಅಡವಯ್ಯ, ಆಗ ಅವನ ಮೀಸೆ ಕಪ್ಪಗಿತ್ತು. ಅತ್ತೆ ನಾಗರತ್ನಮ್ಮ ಅವನ ಕಣ್ಣೆದುರಿಗೇ ತಾಮ್ರದ ಬಿಂದಿಗೆಯಲ್ಲಿ ನೀರು ಸೇದಿ ನನ್ನ ಕೈಗೆ ಕೊಡುತ್ತಾರೆ, ಹುಯ್ಯೇ ಹುಡುಗಿ, ಎತ್ತಿ ಹುಯ್ಯಿ, ನಮ್ಮನೆ ನೀರು ಬಿದ್ಮೇಲೇ ಮಿಕ್ಕಿದ್ದೋರ ನೀರು, ಅನ್ನುತ್ತಾರೆ, ಹುಯ್ಯುತ್ತೇನೆ, ಅಡವಯ್ಯ ಗಿರಗಿರ ತಿರುಗುತ್ತಾನೆ, ಮಣ್ಣು ಕರಗಿ ಅವನ ಕೆನ್ನೆಯ ಮೇಲೆ ಇಳಿಯುತ್ತದೆ, ಒಂದು ಗುಲಗಂಜಿ ಜಾರಿ ಬಂದು ಭುಜದ ಮೇಲೆ ಅಂಟಿಕೊಂಡು ನನ್ನನ್ನೇ ನೋಡುತ್ತದೆ, ಊರೆಲ್ಲ ಕೇಕೆ ಹಾಕುತ್ತದೆ, ಮೈ ಜುಮ್ಮೆಂದಿತ್ತು, ಈಗಲೂ ಅನ್ನುತ್ತದೆ, ನಿಗಮದ ಕುರ್ಚಿಯಲ್ಲಿ ಮೊದಲ ಸಲ ಕೂತಾಗ ಕೂಡ ಹಾಗೆ ಅನ್ನಿಸಿರಲಿಲ್ಲ. ಎಂಥ ಬರದಲ್ಲೂ ತಳ ತೋರಿಸದ ಬಾವಿ, ಕರಿಗುಂಡಿನ ಬುಡದ ಬಾವಿ. ಯಾಕತ್ತೆ ನಮಗೇ ಈ ಮರ್ಯಾದೆ, ನಾವು ಸ್ಥಿತಿವಂತರು ಅಂತಲೇ, ಎಂದು ಕೇಳಿದ್ದೆ, ಅವರು ನಕ್ಕುಬಿಟ್ಟರು, ದುಡ್ಡಿಗಲ್ಲ ಕಣೇ, ನೀರಿಗೆ, ನೀರು ಎಲ್ಲೈತೋ ಮರ್ವಾದೆ ಅಲ್ಗೆ ಹೋಯ್ತದೆ, ನಮ್ ಬಾವಿ ಬತ್ತಿದ್ ದಿನ ಬ್ಯಾರೆಯೋರ್ ಮನೆ ಬಾಗ್ಲಿಗೆ, ಅಂದರು. ಹೋಗಲು ಬಿಟ್ಟಿಲ್ಲ ಅತ್ತೆ, ನೀವು ಕೊಟ್ಟ ಬಿಂದಿಗೆಯನ್ನು ಇನ್ನೊಬ್ಬರ ಕೈಗೆ ಬಿಟ್ಟಿಲ್ಲ.

ಫೋನು, ಮಲ್ಲೇಶ, ನನ್ನ ಮೈದುನ, ಕ್ವಾರಿ ನೋಡಿಕೊಳ್ಳುವವನು, ಬಾವಿ ತಳ ಕಂಡಿದೆ ಅಂತ ಹೋದ ವಾರ ಇವನೇ ಹೇಳಿದ್ದ, ಅದಕ್ಕೇನು, ಟ್ಯಾಂಕರ್ ತರಿಸಿ ಬಾವಿಗೇ ತುಂಬಿಸು, ಊರು ಏಳುವುದರೊಳಗೆ ಮುಗಿಸು, ಅಂದಿದ್ದೆ, ಬಾವಿಯಿಂದ ಸೇದಿದ್ದು ಬಾವಿಯ ನೀರೇ ತಾನೇ — ಅತ್ಗೆ, ಹುಯ್ದಿದ್ದು ಹುಯ್ದಂಗೇ ಹೊಂಟೋಯ್ತಾ ಐತೆ, ಒಂದ್ ತೊಟ್ಟೂ ನಿಲ್ತಿಲ್ಲ, ತಳದ ಬಂಡೆ ಬಿರುಕು ಬುಟ್ಟೈತೆ — ಯಾವಾಗಿನಿಂದ — ಮೊನ್ನೆ ಊರ ಕಡೆ ಮಗ್ಗುಲಿಗೆ ಬ್ಲಾಸ್ಟ್ ಮಾಡ್ಸುದ್ವಲ್ಲ ಅತ್ಗೆ, ನೀವೇ ಅಂದ್ರಲ್ಲ, ಆ ಪ್ಲಾನು ಪಾಸಾಗಾಕ್ ಮುಂಚೆ ಎಷ್ಟಾಯ್ತದೋ ಅಷ್ಟು ಒಡ್ಕಳಿ ಅಂತ. ಅಂದಿದ್ದೆ, ಹೌದು, ವ್ಯಾಪಾರ ಮಾಡುವವರು ಅನ್ನಬೇಕಾದ್ದೇ ಅದು, ಯಾರೇ ಆಗಿದ್ದರೂ ಅನ್ನುತ್ತಿದ್ದರು. ಇನ್ನೊಂದು ಟ್ಯಾಂಕರ್ ಹಾಕಿಸು, ಅಂದೆ, ಆಗಕಿಲ್ಲ ಅತ್ಗೆ, ಜನ ಸೇರ್ಬುಟ್ಟವ್ರೆ, ಅಡವಯ್ಯ ಹೊತ್ಕಂಡ್ ನಿಂತವ್ನೆ, ಬಾವಿ ಪಕ್ದಾಗೇ. ಇರಲಿ, ಹೆದರುವವಳಲ್ಲ ನಾನು, ಜಿಲ್ಲೆಯ ಸಭೆಯನ್ನೇ ಮುಂದಕ್ಕೆ ತಳ್ಳಿ ಬಂದವಳಿಗೆ ಹಳ್ಳಿಯ ಮೆರವಣಿಗೆ ಯಾವ ಲೆಕ್ಕ, ಟಿಪ್ಪರು ಕ್ರಷರಿನ ದಾರಿಗೆ ತಿರುಗಿತು, ನನ್ನ ಹೆಸರೂ ತಿರುಗಿ ದೂಳಿನಲ್ಲಿ ಮರೆಯಾಯಿತು, ಮುಂದೆ ಬರೀ ರಸ್ತೆ.

ಬಾಗಿಲು ತೆಗೆದರೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಜನ ದಾರಿ ಬಿಡುತ್ತಾರೆ, ಅಮ್ಮಾರು ಬಂದ್ರು, ಅಮ್ಮಾರು ಬಂದ್ರು, ಈ ಮಾತು ಕೇಳಿದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಅಡವಯ್ಯನ ಮೀಸೆ ಪೂರ್ತಿ ಬೆಳ್ಳಗೆ, ತಲೆಯ ಮೇಲೆ ಮಣೆ, ಮಣೆಯ ಮೇಲೆ ಮಳೆರಾಯ, ಎರಡು ಗುಲಗಂಜಿ. ನಗುನಗುತ್ತಾ ಅಂದೆ, ಅಡವಯ್ಯ, ಇವತ್ತು ಗಳಿಗೆ ಯಾಕೋ ಸರಿಯಿಲ್ಲವಂತೆ, ಸೋಮವಾರ ಇಟ್ಟುಕೊಳ್ಳೋಣ, ಇನ್ನೂ ಜೋರಾಗಿ ಮಾಡೋಣ, ಊರಿಗೆಲ್ಲ ಊಟ ನನ್ನದು — ಅವನು ಕತ್ತು ಅಲ್ಲಾಡಿಸುವ ಹಾಗಿಲ್ಲ, ಕಣ್ಣು ಮಾತ್ರ ಎತ್ತಿದ, ಅಂಗಾಗಕಿಲ್ಲ ಅಮ್ಮಾರೆ, ತಲೆ ಮ್ಯಾಕ್ ಹೊತ್ಮೇಲೆ ನೀರು ಬೀಳಾಗಂಟ ಇಳಸಂಗಿಲ್ಲ, ನಿಮ್ಮತ್ತೆಮ್ಮಾರೂ ಅಂಗೇ ಹೇಳ್ತಿದ್ರು, ಸೇದಿ ತಾಯಿ. ಎಲ್ಲರೂ ನನ್ನ ಕೈ ನೋಡುತ್ತಿದ್ದಾರೆ, ಮಲ್ಲೇಶ ನೆಲ ನೋಡುತ್ತಿದ್ದಾನೆ, ಬಿಂದಿಗೆಗೆ ಕುಣಿಕೆ ಹಾಕಿ ಬಿಟ್ಟೆ, ರಾಟೆ ಕಿರುಗುಟ್ಟುತ್ತದೆ, ಹಗ್ಗ ಇಳಿಯುತ್ತದೆ, ಇಳಿಯುತ್ತಲೇ ಇದೆ, ಠಣ್. ಊರೆಲ್ಲ ಕೇಳಿಸಿಕೊಂಡಿತು. ಎಳೆದು ಮತ್ತೆ ಬಿಟ್ಟೆ, ಠಣ್, ಕಲ್ಲಿಗೆ ತಾಮ್ರ. ಹಿಂದಿನಿಂದ ಕದರಮ್ಮನ ದನಿ, ನನ್ನ ಕ್ರಷರಿನಲ್ಲೇ ಕೂಲಿ ಮಾಡುವವಳು, ಕಂಕುಳಲ್ಲಿ ಹಸಿರು ಪ್ಲಾಸ್ಟಿಕ್ ಕೊಡ, ಕಾಲೋನಿ ಬೋರಿಂಗ್ನಾಗೆ ಹೊಡ್ಕಂಬಂದಿವ್ನಿ ಅಮ್ಮಾರೆ, ನೀವು ಹೂಂ ಅಂದ್ರೆ ಹುಯ್ತೀನಿ, ಅಡವಯ್ಯನ ಕತ್ತು ನೋಯ್ತೈತೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಒಂದು ಹೂಂ ಸಾಕು, ಮೊದಲ ಬಿಂದಿಗೆಯ ಮರ್ಯಾದೆ ಅವಳ ಬಾಗಿಲಿಗೆ ಹೋಗುವುದಕ್ಕೆ, ಬೇಡ ಅಂತಲೂ ನಾನು ಅನ್ನಲಾರೆ, ನಾನು ಯಾವತ್ತೂ ಬೇಡ ಅಂದವಳಲ್ಲ — ಒಂದು ನಿಮಿಷ ತಡಿ ಕದರಮ್ಮ, ಅಂದೆ, ನೋಡೋಣ, ಅಂದೆ, ಹಗ್ಗ ಮತ್ತೆ ಬಿಟ್ಟೆ, ಬಿಸಿಲಿಗೆ ಮಳೆರಾಯನ ಹಣೆ ಬಿರಿಯುತ್ತಿದೆ, ಒಂದು ಚೂರು ಮಣ್ಣು ಉದುರಿ ಅಡವಯ್ಯನ ಹುಬ್ಬಿನ ಮೇಲೆ ಬಿತ್ತು, ಒಣಗಿದ ಮಣ್ಣು, ಅವನು ಒರೆಸಿಕೊಳ್ಳುವ ಹಾಗಿಲ್ಲ, ಇಳಿಸುವ ಹಾಗಿಲ್ಲ, ಕೊಡದ ನೀರು ಕದರಮ್ಮನ ಸೊಂಟದ ಹತ್ತಿರ ತುಳುಕುತ್ತಿದೆ, ತಡಿ ಅಂದೆನಲ್ಲ, ಠಣ್, ಎರಡು ಗುಲಗಂಜಿ, ಕರಗದ ಮಣ್ಣಿನಲ್ಲಿ ಎರಡು ಗುಲಗಂಜಿ, ಜಾರದೆ, ನನ್ನನ್ನೇ ನೋಡುತ್ತಾ —