ಬರೆದದ್ದಲ್ಲ, ಬಿಡಿಸಿದ್ದು

ಬುರ್ಹೋನ್ ಜೊಂಡಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ ಎತ್ತಿದ. ಹಲಗೆ ಮುಟ್ಟುವ ಮೊದಲೇ ಎರಡು ಹನಿ ಅವನ ಮಂಡಿಯ ಮೇಲೆ ಬಿದ್ದವು. ಪಾಪ, ಗೆಳೆಯ ಹೋದ ಸಂಕಟಕ್ಕೆ ಕೈ ನಡುಗುತ್ತಿದೆ ಎಂದುಕೊಂಡರು ಅಂಗಳದಲ್ಲಿದ್ದವರು. ಒಳಗೆ ಹೋಷಿಮನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮಧ್ಯಾಹ್ನದ ನಮಾಜಿಗೆ ಮುಂಚೆ ಗೋರಿಯ ತಲೆಗಡೆ ನೆಡುವ ಹಲಗೆಯಲ್ಲಿ ಹೆಸರು ಮೂಡಬೇಕಿತ್ತು. ಬುಖಾರಾದಲ್ಲಿ ಬುರ್ಹೋನನಂಥ ಲಿಪಿಕಾರ ಇರುವಾಗ ಬೇರೆ ಯಾರು ಬರೆದಾರು?

ಚಹದಂಗಡಿಯ ತುರ್ಸುನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪೇಟೆಯ ಅರ್ಧ ಬೋರ್ಡುಗಳು ಹೋಷಿಮನ ಕೈಯವೇ ಎಂದು ನೆನೆದ.

"ನನ್ನ ಬೋರ್ಡಿಗೇ ಮೂರು ದಿನ ತಗೊಂಡಿದ್ದ ಪುಣ್ಯಾತ್ಮ. ನಿಮ್ಮದಾದ್ರೆ ಒಂದೇ ಉಸಿರು, ಉಸ್ತಾದ್."

ಆ ಹೊಗಳಿಕೆ ಬುರ್ಹೋನನಿಗೆ ಮುಳ್ಳಿನಂತೆ ಚುಚ್ಚಿತು.

*

ಬುರ್ಹೋನನ ಕೈ ನಡುಕ ಶುರುವಾಗಿ ನಾಲ್ಕು ವರ್ಷ. ಆಗ ಮಸೀದಿಯ ಬಾಗಿಲಿಗೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಾಗಿತ್ತು. ಕೆಟ್ಟ ಕಾಗದಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಚಹಕ್ಕೆಂದು ಬಂದ ಹೋಷಿಮ್ ಅದನ್ನು ನೋಡಿದ. ಪೆನ್ಸಿಲು ತೆಗೆದು ಅಳೆದ, ಗೀಚಿದ, ಅಳಿಸಿದ, ಮತ್ತೆ ತಿದ್ದಿದ. ಸಂಜೆಯ ಹೊತ್ತಿಗೆ ಕಾಗದದ ಮೇಲೆ ಬುರ್ಹೋನನದೇ ಬಾಗು, ಬುರ್ಹೋನನದೇ ಬೀಸು.

"ನೀನು ಬರಿಯೋನು, ನಾನು ಬಿಡಿಸೋನು. ಬರಿಯೋನು ಒಂದ್ಸಲಾನೂ ತಪ್ಪೋ ಹಾಗಿಲ್ಲ ಕಣೋ. ನಾನು ಎಷ್ಟ್ ಸಲ ಬೇಕಾದ್ರೂ ತಪ್ಪಬಹುದು."

ಅಂದಿನಿಂದ ಪ್ರತಿ ಗುರುವಾರ ಅವನು ಹಿತ್ತಲ ಬಾಗಿಲಿಂದ ಬಂದ. ಹೆಸರು ಬುರ್ಹೋನನಿಗೆ ಬಂತು. ಹೋಷಿಮ್ ಸ್ವಂತ ಮಗಳೆದುರೂ ತುಟಿ ಬಿಚ್ಚಲಿಲ್ಲ.

*

ದುಃಖದ ನೆಪ ಹೇಳಿ ಹಲಗೆಯನ್ನು ಬೇರೆಯವರಿಗೆ ದಾಟಿಸಬಹುದಿತ್ತು, ಮಾನ ಉಳಿಯುತ್ತಿತ್ತು. ಬುರ್ಹೋನ್ ಲೇಖನಿ ಕೆಳಗಿಟ್ಟ. ಹೋಷಿಮನ ಮಗಳು ಸಲೋಮತಳನ್ನು ಕರೆದು, ಅಪ್ಪನ ಸಾಮಾನಿನ ಡಬ್ಬಿ ತರಲು ಹೇಳಿದ.

"ಇವತ್ತು ನಾನು ಬರಿಯಲ್ಲ, ಬಿಡಿಸ್ತೀನಿ. ನಾಲ್ಕು ವರ್ಷದಿಂದ ನನ್ನ ಕೈಗೆ ಶಕ್ತಿ ಇಲ್ಲ. ನನ್ನ ಹೆಸರಲ್ಲಿ ಬಂದಿದ್ದೆಲ್ಲ ಹೋಷಿಮ್ ಬಿಡಿಸಿದ್ದು. ಇವನು ಬದುಕಿರುವಾಗ ಹೇಳೋಕೆ ಬಿಡಲಿಲ್ಲ."

ತುರ್ಸುನ್ ಟೋಪಿ ಸರಿಮಾಡಿಕೊಂಡ, ಆಮೇಲೆ ಹಲಗೆ ಅಲ್ಲಾಡದಂತೆ ಅದರ ತುದಿ ಹಿಡಿದುಕೊಂಡ. ಬುರ್ಹೋನ್ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿಹಿಡಿದು, ಡಬ್ಬಿಯಲ್ಲಿದ್ದ ಪೆನ್ಸಿಲಿನಿಂದ ಚಿಕ್ಕ ಚಿಕ್ಕ ಗೆರೆ ಎಳೆದ.

ಅಷ್ಟರಲ್ಲಿ ಶವ ಹೊತ್ತ ಜನಾಜ ಹೊರಗೆ ಬಂತು. ಎರಡನೆಯ ಅಕ್ಷರ ಸೊಟ್ಟಗಾಗಿತ್ತು. ಬುರ್ಹೋನ್ ಎಲ್ಲರೆದುರೇ ಅದನ್ನು ಅಳಿಸಿದ. ಹೆಗಲು ಕೊಟ್ಟವರು ಹೋಷಿಮನನ್ನು ಬುರ್ಹೋನನ ಪಕ್ಕದಲ್ಲೇ ನೆಲಕ್ಕಿಳಿಸಿ, ಅವನು ಮತ್ತೆ ಬಿಡಿಸಲೆಂದು ಸಾಲಾಗಿ ನಿಂತು ಹಲಗೆಗೆ ನೆರಳು ಮಾಡಿದರು.